ದಿಂಬಿನ ಚೀಲದ ಮೂಲೆ ನೋಡಿದ್ದೀರಾ?

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ, ಮೊಣಕೈವರೆಗೆ ರಬ್ಬರ್ ಕೈಗವಸು ತೊಟ್ಟ ಹೆಂಗಸೊಬ್ಬರು ಬಟ್ಟೆಯ ಗಂಟೊಂದನ್ನು ದಿಟ್ಟಿಸುತ್ತ ನಿಂತಿದ್ದಾರೆ. ಮುಟ್ಟುವುದಿಲ್ಲ. ಗಂಟಿಗೆ ಒಂದು ಸುತ್ತು ಹಾಕುತ್ತಾರೆ. ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿ ಕಿವಿಗೊಡುತ್ತಾರೆ. ಆಮೇಲೆ ಬಿಚ್ಚಿ, ಬೆಡ್‌ಶೀಟುಗಳನ್ನು ಒಂದೊಂದಾಗಿ ತುದಿ ಹಿಡಿದು ಎತ್ತುತ್ತಾರೆ. ನಾಲ್ಕನೆಯದನ್ನು ಎತ್ತಿದಾಗ ಕತ್ತರಿಯೊಂದು ಠಣ್ಣೆಂದು ನೆಲಕ್ಕೆ ಬೀಳುತ್ತದೆ.

"ನೋಡಿದ್ರಾ? ಕೈ ಹಾಕಿದ್ದಿದ್ರೆ ಗೊತ್ತಾಗ್ತಿತ್ತು," ಎನ್ನುತ್ತಾರೆ, ನನ್ನ ಕಡೆ ನೋಡದೆಯೇ. "ಗಂಟನ್ನ ಯಾವತ್ತೂ ನಂಬಬಾರದು ಸಾರ್. ಮೇಲ್ಗಡೆ ಬೆಳ್ಳಗೇ ಇರುತ್ತೆ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಈಕೆಗೆ ಗಾದೆಯಲ್ಲ, ಹೊಟ್ಟೆಪಾಡು. ವಾರ್ಡುಗಳಿಂದ ಬರುವ ಮೈಲಿಗೆ ಬಟ್ಟೆಯನ್ನು ಯಂತ್ರಕ್ಕೆ ಹಾಕುವ ಮುನ್ನ ಬಿಚ್ಚಿ, ಜಾಲಾಡಿ, ಬೇರೆ ಬೇರೆ ಮಾಡುವುದು ಇವರ ಕೆಲಸ. ಲಾಂಡ್ರಿಯವರೆಲ್ಲ ಕರೆಯುವುದು ಗಂಟಕ್ಕ ಎಂದು. ದಿನಕ್ಕೆ ನಲವತ್ತರಿಂದ ನಲವತ್ತೈದು ಗಂಟು, ಸುಮಾರು ಒಂಬೈನೂರು ಬೆಡ್‌ಶೀಟು, ಅಷ್ಟೇ ದಿಂಬಿನ ಚೀಲ. ಹೋದ ತಿಂಗಳು ಅವುಗಳಲ್ಲಿ ಸಿಕ್ಕಿದ್ದು ಹದಿನಾಲ್ಕು ಸೂಜಿ, ಮೂರು ಕತ್ತರಿ, ಎರಡು ಕನ್ನಡಕ, ಒಂದು ಹಲ್ಲಿನ ಸೆಟ್ಟು. ಹಲ್ಲಿನ ಸೆಟ್ಟಿನ ಯಜಮಾನರು ಮೂರು ದಿನ ಬರೀ ಗಂಜಿ ಕುಡಿದು, ಸೊಸೆಯೇ ಬಚ್ಚಿಟ್ಟಿದ್ದಾಳೆ ಎಂದು ಜಗಳವಾಡುತ್ತಿದ್ದರಂತೆ. ಇಪ್ಪತ್ತೆರಡು ವರ್ಷದಿಂದ ಗಂಟಕ್ಕ ಇದೇ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಾರೆ. ಇನ್ನೈದು ತಿಂಗಳಿಗೆ ನಿವೃತ್ತಿ.

ನಾನು ಬಂದಿರುವುದು ಕತ್ತರಿ ನೋಡಲು ಅಲ್ಲ. ಆಸ್ಪತ್ರೆಯ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಮಧ್ಯಾಹ್ನದ ಪಾಳಿ ಮುಗಿದ ಮೇಲೆ, ದೊಡ್ಡವರಿಗೆ ಅಕ್ಷರ ಕಲಿಸುವ ತರಗತಿಯೊಂದು ನಡೆಯುತ್ತದೆ. ಅಲ್ಲಿ ಕಲಿತ ಹನ್ನೊಂದು ಮಂದಿ ತಮ್ಮ ಮನಸ್ಸಿಗೆ ಹಿಡಿಸಿದ ಪುಸ್ತಕದ ಲೇಖಕರಿಗೆ ಕಾಗದ ಬರೆದಿದ್ದಾರೆ ಎಂದು ನಮ್ಮ ಪತ್ರಿಕೆಗೆ ಒಂದು ಪ್ರಕಟಣೆ ಬಂತು. ಜೊತೆಗೆ ಕಾಗದಗಳ ನಕಲು. ಹತ್ತು ಕಾಗದಗಳಲ್ಲಿ ಇದ್ದದ್ದು ಒಂದೇ ಮಾತು: ನಿಮ್ಮ ಪುಸ್ತಕ ಬಹಳ ಚೆನ್ನಾಗಿದೆ, ನಿಮಗೆ ಒಳ್ಳೆಯದಾಗಲಿ. ಹನ್ನೊಂದನೆಯದು ಗಂಟಕ್ಕನದು. ಅದನ್ನು ಓದಿದ ಕೂಡಲೇ ನನಗೆ ಹೊಳೆದದ್ದು, ಇದನ್ನು ಈಕೆ ಬರೆದಿರಲಿಕ್ಕಿಲ್ಲ ಎಂದು.

ನನ್ನ ಅನುಮಾನಕ್ಕೆ ಕಾರಣವಿದೆ. ಹಿಂದೊಮ್ಮೆ ಇದೇ ಪುರವಣಿಗೆ, ಕಸದ ಗಾಡಿಯ ಕೆಲಸಗಾರನೊಬ್ಬನ ಕವಿತೆಗಳನ್ನು ಹಾಡಿ ಹೊಗಳಿ ಬರೆದಿದ್ದೆ. ಕವಿತೆಗಳು ಅವನವಲ್ಲ, ಅವನ ಭಾವನವು ಎಂದು ಒಂದು ತಿಂಗಳ ನಂತರ ಆ ಭಾವನೇ ಫೋನ್ ಮಾಡಿ ತಿಳಿಸಿದ. ಅಂದಿನಿಂದ ಹಗ್ಗ ಕಂಡರೂ ಹಾವೆನ್ನುವ ಜಾತಿ ನಾನು. ಹಾಗಾಗಿ, ನಾಚಿಕೆ ಬಿಟ್ಟು ಹೇಳುತ್ತೇನೆ, ಗಂಟಕ್ಕನ ಎದುರು ಒಂದು ಖಾಲಿ ಹಾಳೆ, ಪೆನ್ನು ಇಟ್ಟು "ಒಂದೆರಡು ಸಾಲು ಬರೀತೀರಾ?" ಎಂದು ಕೇಳಿದೆ.

ಅವರು ಹಾಳೆ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. "ಪರೀಕ್ಷೇನಾ ಸಾರ್?"

"ಹಾಗೇನಿಲ್ಲ..."

"ಇರ್ಲಿ ಬಿಡಿ. ಮೊದ್ಲು ನಿಮ್ಮ ಗುರುತಿನ ಚೀಟಿ ಕೊಡಿ."

ಕೊಟ್ಟೆ. ಕೈಗವಸು ಕಳಚಿ, ಬೆಳಕಿಗೆ ಹಿಡಿದು, ಪತ್ರಿಕೆಯ ಹೆಸರು, ನನ್ನ ಹೆಸರು, ಹುದ್ದೆ ಎಲ್ಲವನ್ನೂ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾರೆ. ಕೊನೆಯ ಸಾಲಿಗೆ ಬಂದು ನಿಲ್ಲುತ್ತಾರೆ. "ಇದರ ಅವಧಿ ಮುಗಿದು ನಾಲ್ಕು ತಿಂಗಳಾಗಿದೆಯಲ್ಲ ಸಾರ್? ನೀವು ನಿಜವಾಗ್ಲೂ ಪೇಪರ್‌ನವರೇನಾ?" ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಾರೆ. ನಾನು ಹಾಳೆಯನ್ನು ಚೀಲಕ್ಕೆ ಸೇರಿಸಿದೆ.

ಕಾಗದವನ್ನು ಇಲ್ಲಿ ಪೂರ್ತಿ ಕೊಡುವುದೇ ಸರಿ. ಲೇಖಕಿ ಹೆಸರುವಾಸಿ. ಕಾದಂಬರಿ ಆಸ್ಪತ್ರೆಯೊಂದರ ಕಥೆ.

"ಅಮ್ಮಾ, ನಾನು ಪೂರ್ತಿ ಓದಿದ ಮೊದಲನೇ ಪುಸ್ತಕ ನಿಮ್ಮದು. ಎಂಟು ತಿಂಗಳು ಹಿಡಿಯಿತು. ನರ್ಸು ಒಬ್ಬಳೇ ಮೆಟ್ಟಿಲ ಮೇಲೆ ಕೂತು ಅಳುವುದನ್ನು ಓದಿ ನಾನೂ ಅತ್ತೆ. ಅಂಥವರನ್ನು ನಾನು ನೋಡಿದ್ದೇನೆ. ನಿಮಗೆ ಹೇಗೆ ಗೊತ್ತಾಯಿತು ಅಂತ ಆಶ್ಚರ್ಯ ಆಯಿತು. ಆದರೆ ಲಾಂಡ್ರಿ ಹೆಂಗಸು ರೋಗಿಯ ಉಂಗುರ ಕದ್ದಳು, ಅವಳನ್ನು ಓಡಿಸಿದರು ಅಂತ ಬರೆದಿದ್ದೀರಿ. ಅವಳು ಕದ್ದಿದ್ದನ್ನು ಯಾರೂ ನೋಡಿಲ್ಲ. ಪುಸ್ತಕದಲ್ಲೂ ಯಾರೂ ನೋಡಿಲ್ಲ. ನಾನು ಎರಡು ಸಲ ಹುಡುಕಿದೆ. ಕಾಯಿಲೆ ಬಿದ್ದವರ ಬೆರಳು ಸಣ್ಣ ಆಗುತ್ತದೆ. ಉಂಗುರ ತಾನೇ ಜಾರುತ್ತದೆ. ದಿಂಬಿನ ಕೆಳಗೆ ಕೈ ಇಟ್ಟು ಮಲಗುತ್ತಾರೆ. ಆಗ ದಿಂಬಿನ ಚೀಲದ ಒಳಗೆ ಹೋಗಿ ಮೂಲೆಯಲ್ಲಿ ಕೂರುತ್ತದೆ. ನನಗೆ ಹಾಗೆ ಏಳು ಉಂಗುರ ಸಿಕ್ಕಿವೆ. ಏಳೂ ಕೊಟ್ಟಿದ್ದೇನೆ. ಆ ಉಂಗುರ ನಿಮ್ಮ ಮನೆಯವರದಾ? ನೀವು ದಿಂಬಿನ ಚೀಲದ ಮೂಲೆ ನೋಡಿದ್ದೀರಾ?"

ತರಗತಿ ನಡೆಸುವ ಟೀಚರಮ್ಮನೇ ಇದನ್ನು ಬರೆದುಕೊಟ್ಟಿರಬೇಕು ಎಂದುಕೊಂಡು ಬಂದಿದ್ದವನು ನಾನು. ಆದರೆ ಆ ಬೆಳಿಗ್ಗೆ ಗಂಟಕ್ಕ ಪ್ರತಿ ದಿಂಬಿನ ಚೀಲವನ್ನೂ ಒಳಮೈ ಹೊರಮಾಡಿ, ಎರಡೂ ಮೂಲೆಗೆ ಬೆರಳು ಹಾಕಿ ಒದರುವುದನ್ನು ಕಣ್ಣಾರೆ ಕಂಡೆ. ಒಂಬೈನೂರು ಚೀಲ, ಸಾವಿರದೆಂಟುನೂರು ಮೂಲೆ. ಬೆರಳು ಸಣ್ಣಗಾಗುವ ಸಂಗತಿ ಟೀಚರಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಗದ ಈಕೆಯದೇ. ನನ್ನ ಅನುಮಾನ ಅಲ್ಲಿಗೆ ಸತ್ತಿತು.

ಗಂಟಕ್ಕನ ಅನುಮಾನ ಮಾತ್ರ ಸಾಯುವಂಥದ್ದಲ್ಲ. ಅದರ ಬೇರು ಆಳವಾಗಿದೆ.

ಒಂಬತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ರೋಗಿಯೊಬ್ಬರ ಉಂಗುರ ಕಳೆಯಿತು. ಅಂದು ಬೆಳಿಗ್ಗೆ ಆ ಹಾಸಿಗೆಯ ಬಟ್ಟೆ ತಂದವರು ಗಂಟಕ್ಕ. ಅಷ್ಟು ಸಾಕಾಯಿತು. ನಲವತ್ತು ದಿನ ಕೆಲಸದಿಂದ ಹೊರಗಿಟ್ಟರು. ನೆರೆಹೊರೆಯವರು ಬಾಗಿಲು ಮುಂದೆ ಮಾಡಿಕೊಂಡರು. ಅದನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ಒಂದು ಸಂಗತಿ ಹೇಳುವಾಗ ಮಾತ್ರ ನಗುವುದಿಲ್ಲ.

"ನಮ್ಮೆಜಮಾನ್ರು ಬೀಗ ರಿಪೇರಿ ಮಾಡೋರು. ಒಂದಿನ ನಾನು ನೀರು ತರೋಕೆ ಹೋಗಿದ್ದಾಗ ನನ್ನ ಟ್ರಂಕಿನ ಬೀಗ ತೆಗೆದು ನೋಡಿದ್ರು. ಮತ್ತೆ ಹಾಕಿಟ್ರು. ಬೀಗ ನೋಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಅಷ್ಟು ಚೆನ್ನಾಗಿ ಹಾಕಿದ್ರು. ಆದ್ರೆ ಬಟ್ಟೆ ಮಡಿಕೆ ತಿರುಗಾಮುರುಗಾ ಇತ್ತು. ಬಟ್ಟೆ ಜಾಲಾಡೋದೇ ನನ್ನ ಕಸುಬು, ನನಗೆ ಗೊತ್ತಾಗಲ್ವಾ?"

ಅವರನ್ನು ಕೇಳಿದಿರಾ ಎಂದೆ. "ಇಲ್ಲ. ಏನು ಕೇಳ್ಲಿ? ಎಲ್ಲಾ ತೆಗೆದು ಮತ್ತೆ ಮಡಚಿಟ್ಟೆ, ಅಷ್ಟೇ."

ನಲವತ್ತೊಂದನೆಯ ದಿನ ಆ ರೋಗಿಯ ಮನೆಯವರ ಫೋನು ಬಂತು. ಉಂಗುರ ಅವರದೇ ಕನ್ನಡಕದ ಡಬ್ಬಿಯಲ್ಲಿತ್ತು. ಗಂಟಕ್ಕನನ್ನು ಮತ್ತೆ ಕರೆಸಿದರು. ಕಳೆದ, ಸಿಕ್ಕ ವಸ್ತುಗಳ ವಿವರ ಬರೆದಿಡುವ ದಪ್ಪ ಪುಸ್ತಕವೊಂದು ಲಾಂಡ್ರಿ ಕಚೇರಿಯಲ್ಲಿದೆ. ಅದರ ಒಂದು ಪುಟ ತೋರಿಸಿ, "ಎಲ್ಲಾ ಸರಿಯಾಗಿ ಬರೆದಿದೆ, ಹೆಬ್ಬೆಟ್ಟು ಹಾಕು," ಎಂದರು ಆಗಿನ ಗುಮಾಸ್ತರು. ಉಂಗುರ ಸಿಕ್ಕಿದ್ದನ್ನೇ ಬರೆದಿರುತ್ತಾರೆ ಎಂದುಕೊಂಡು ಗಂಟಕ್ಕ ಸಂತೋಷದಿಂದ ಹೆಬ್ಬೆಟ್ಟು ಒತ್ತಿದರು. ಆಮೇಲೆ ಯಾರು ಕೊಂಕು ನುಡಿದರೂ ಅವರದು ಒಂದೇ ಉತ್ತರ: "ಬುಕ್ಕಲ್ಲಿ ಬರೆದಿದೆ, ಹೋಗಿ ನೋಡ್ಕೊಳ್ಳಿ." ಹೀಗೆ ಏಳು ವರ್ಷ ಎದೆಯುಬ್ಬಿಸಿ ಹೇಳಿದರು.

ತರಗತಿಗೆ ಸೇರಿದ್ದೂ ಆ ಪುಟವನ್ನು ಒಮ್ಮೆ ತಾವೇ ಓದಿ ಸುಖಪಡಬೇಕೆಂದು. ಒಂದು ವರ್ಷ ಕಲಿತ ಮೇಲೆ, ಊಟದ ಬಿಡುವಿನಲ್ಲಿ, ಕಚೇರಿಯ ಮೂಲೆಯಲ್ಲಿ ನಿಂತು ಅರ್ಧ ಗಂಟೆ ತೆಗೆದುಕೊಂಡು ಓದಿದರು. ಅಲ್ಲಿದ್ದದ್ದು ಇಷ್ಟು: "ಉಂಗುರ ಕಳೆದ ಬಗ್ಗೆ ಲಾಂಡ್ರಿ ಕೆಲಸದಾಕೆಯ ಮೇಲೆ ಸಂಶಯ. ಎಚ್ಚರಿಕೆ ನೀಡಿ ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲಾಗಿದೆ." ಅದರ ಕೆಳಗೆ ಅವರದೇ ಹೆಬ್ಬೆಟ್ಟು.

"ಏಳು ವರ್ಷ ಎಲ್ಲರಿಗೂ ನಾನೇ ಹೇಳ್ಕೊಂಡು ಬಂದೆ ಸಾರ್, ಹೋಗಿ ನೋಡಿ, ಹೋಗಿ ನೋಡಿ ಅಂತ. ಯಾರಾದ್ರೂ ಹೋಗಿ ನೋಡಿದ್ರೋ ಏನೋ."

ಅಕ್ಷರ ಬಂದರೆ ಜನರಿಗೆ ಧೈರ್ಯ ಬರುತ್ತದೆ ಎಂದು ನಾವು ಪೇಪರಿನವರು ಬರೆಯುತ್ತೇವೆ. ಗಂಟಕ್ಕನಿಗೆ ಬಂದದ್ದು ಇನ್ನಷ್ಟು ಅನುಮಾನ. ಇಪ್ಪತ್ತೆರಡು ವರ್ಷ ಹತ್ತಿದ ಬಸ್ಸಿನ ಬೋರ್ಡನ್ನೂ ಈಗ ಓದಿ ಹತ್ತುತ್ತಾರೆ. ಔಷಧಿ ಬಾಟಲಿಯ ತಾರೀಕು ನೋಡದೆ ಗಂಡನಿಗೆ ಒಂದು ಚಮಚ ಕುಡಿಸುವುದಿಲ್ಲ. "ಮುಂಚೆ ಇವಳು ಮನುಷ್ಯರನ್ನ ಮಾತ್ರ ನಂಬ್ತಿರ್ಲಿಲ್ಲ, ಈಗ ಬಾಟ್ಲಿಗಳನ್ನೂ ನಂಬಲ್ಲ," ಎಂದು ಯಜಮಾನರು ಗೊಣಗುತ್ತಾರೆ. ಟ್ರಂಕಿನ ವಿಷಯ ನಾನು ಅವರ ಬಳಿ ಎತ್ತಲಿಲ್ಲ.

ಇಂಥ ಹೊತ್ತಿನಲ್ಲೇ ಕೈಗೆ ಸಿಕ್ಕಿದ್ದು ಆ ಕಾದಂಬರಿ. ಅದೇ ಲಾಂಡ್ರಿ, ಅದೇ ಉಂಗುರ. ನಮ್ಮ ಆಸ್ಪತ್ರೆಯ ಕಥೆಯನ್ನೇ ಯಾರೋ ಲೇಖಕಿಗೆ ಹೇಳಿದ್ದಾರೆ ಎಂದು ಗಂಟಕ್ಕನ ಗುಮಾನಿ. ಪುಸ್ತಕ ಅಚ್ಚಾಗಿ ಹದಿನೈದು ವರ್ಷವಾಗಿದೆ ಎಂದು ಟೀಚರಮ್ಮ ಮೊದಲ ಪುಟ ತೋರಿಸಿದ ಮೇಲೆ ಅದನ್ನು ಬಿಟ್ಟರು. ಇಸ್ತ್ರಿ ಮಾಡುವ ಗೆಳತಿ ಛೇಡಿಸಿದರಂತೆ: "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯಾ?" ಗಂಟಕ್ಕ ಕೊಟ್ಟ ಉತ್ತರ ಲಾಂಡ್ರಿಯಲ್ಲಿ ಇಂದಿಗೂ ಓಡಾಡುತ್ತಿದೆ. "ಮುಟ್ಟಿ ನೋಡ್ಕೊಂಡೆ ಕಣೇ. ಏನೂ ಇರ್ಲಿಲ್ಲ. ಅದನ್ನೇ ಬರೆದು ಕಳಿಸ್ದೆ."

ಲೇಖಕಿಯಿಂದ ಎರಡು ಪುಟದ ಉತ್ತರ ತರಗತಿಯ ವಿಳಾಸಕ್ಕೆ ಬಂತು. ನಿಮ್ಮ ಪತ್ರ ಓದಿ ನಾಚಿಕೆಯಾಯಿತು, ನೀವು ಹೇಳಿದ್ದು ಸರಿ ಎಂದು ಬರೆದಿದ್ದರು. ಟೀಚರಮ್ಮ ಗಟ್ಟಿಯಾಗಿ ಓದಿದರು, ತರಗತಿ ಚಪ್ಪಾಳೆ ತಟ್ಟಿತು. ಗಂಟಕ್ಕ ತಟ್ಟಲಿಲ್ಲ. ಇದು ಟೀಚರಮ್ಮನೇ ಬರೆದ ಕಾಗದ, ತಮಗೆ ಬೇಜಾರಾಗದಿರಲಿ ಎಂದು ಕಿವಿ ಮೇಲೆ ಹೂ ಇಡುತ್ತಿದ್ದಾರೆ ಎಂದು ಅವರಿಗೆ ಖಾತ್ರಿ.

"ತಪ್ಪು ಮಾಡಿದ ದೊಡ್ಡೋರು ನಾಚಿಕೆ ಪಟ್ಟಿದ್ದನ್ನ ನಾನು ಎಲ್ಲೂ ನೋಡಿಲ್ಲ ಸಾರ್. ಅಂಚೆ ಮುದ್ರೆ ಇದೆ ಅಂತೀರಾ? ಟೀಚರಮ್ಮ ರಿಟೈರ್ ಆಗಿದ್ದೇ ಪೋಸ್ಟಾಫೀಸಿಂದ. ಮುದ್ರೆ ಹೊಡೆಯೋದು ಅವರಿಗೆ ಹೇಳ್ಕೊಡ್ಬೇಕಾ?"

ನಾನು ಬಿಡಲಿಲ್ಲ. ಲೇಖಕಿಯ ನಂಬರು ಹುಡುಕಿ, ಫೋನ್ ಮಾಡಿ ಕೇಳಿದೆ. ಉತ್ತರ ಬರೆದದ್ದು ತಾವೇ ಎಂದರು. ಓಡಿ ಬಂದು ಗಂಟಕ್ಕನಿಗೆ ಹೇಳಿದರೆ ಅವರು ಕೈಗವಸು ತೊಡುತ್ತ, "ಫೋನಲ್ಲಿ ಯಾರು ಬೇಕಾದ್ರೂ ಹಂಗೆ ಅನ್ನಬಹುದು," ಎಂದು ಮುಂದಿನ ಗಂಟಿಗೆ ಹೋದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿದೆಯಲ್ಲ, ಈಕೆ ಪ್ರಮಾಣಿಸಿದ ಮೇಲೂ ಒಮ್ಮೆ ಒದರಿ ನೋಡುವವರು.

ನನಗೂ ಟೀಚರಮ್ಮನಿಗೂ ತಿಳಿಸದೆ ಅವರು ಎರಡನೆಯ ಕಾಗದ ಬರೆದಿದ್ದರು ಎಂಬುದು ಗೊತ್ತಾದದ್ದು ಮೂರು ವಾರದ ನಂತರ. ಆಸ್ಪತ್ರೆಯ ಹತ್ತಿರದ ಡಬ್ಬಿ ಬಿಟ್ಟು, ಎರಡು ಸ್ಟಾಪು ಆಚೆ ಇಳಿದು, ಅಲ್ಲಿಯ ಅಂಚೆ ಡಬ್ಬಿಗೆ ಹಾಕಿದ್ದರು. ಉತ್ತರದ ವಿಳಾಸ ತರಗತಿಯದಲ್ಲ, ಲಾಂಡ್ರಿಯದು. ಬರೆದದ್ದು ಮೂರೇ ಸಾಲು: "ಮೊದಲನೇ ಉತ್ತರ ನೀವೇ ಬರೆದಿದ್ದಾ? ಹೌದಾದರೆ, ಎರಡು ಪುಟ ಬರೆದರೂ ನಾನು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ. ಮೂಲೆ ನೋಡಿದ್ದಿರಾ, ಇಲ್ಲವಾ?"

ಮೊದಲ ಉತ್ತರವನ್ನು ನಾನೂ ಓದಿದ್ದೆ, ಟೀಚರಮ್ಮನೂ ಓದಿದ್ದರು. ಲೇಖಕಿ ಆ ಪ್ರಶ್ನೆಯಿಂದ ನುಣುಚಿಕೊಂಡದ್ದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಲಾಂಡ್ರಿಗೆ ಬಂದ ಉತ್ತರವನ್ನು ಗಂಟಕ್ಕ ನನ್ನ ಕೈಗೆ ಕೊಡುತ್ತಾರೆ. ಇದು ಗಿಡ್ಡ ಕಾಗದ. "ನೋಡಿರಲಿಲ್ಲ. ಉಂಗುರ ನನ್ನ ಅಮ್ಮನದು. ಮೂವತ್ತು ವರ್ಷದ ಹಿಂದೆ, ನಮ್ಮೂರಿನ ಆಸ್ಪತ್ರೆಯಲ್ಲಿ. ಲಾಂಡ್ರಿಯವಳೇ ತೆಗೆದಿರಬೇಕು ಎಂದು ವಾರ್ಡಿನಲ್ಲಿ ಕೂಗಾಡಿದವಳು ನಾನೇ. ಆಕೆಗೆ ಆಮೇಲೆ ಏನಾಯಿತೆಂದು ವಿಚಾರಿಸಲಿಲ್ಲ. ಕೊನೆಕೊನೆಗೆ ಅಮ್ಮನ ಬೆರಳು ಎಷ್ಟು ಸಣ್ಣಗಾಗಿತ್ತೆಂದು ನಿಮ್ಮ ಪತ್ರ ಓದಿದ ಮೇಲೆ ನೆನಪಾಯಿತು. ಪುಸ್ತಕ ಮತ್ತೆ ಅಚ್ಚಾಗುವಾಗ ಒಂದು ಸಾಲು ಸೇರಿಸುತ್ತೇನೆ. ಏನೆಂದು ಬರೆಯಲಿ, ನೀವೇ ಹೇಳಿ."

ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಗಂಟಕ್ಕ ತಾಳೆ ನೋಡಿದ್ದಾರೆ. ಎರಡರಲ್ಲೂ ಸಾಲುಗಳು ಬಲಕ್ಕೆ ಹೋದ ಹಾಗೆ ಮೇಲಕ್ಕೇರುತ್ತವೆ. ಟೀಚರಮ್ಮನ ಸಾಲು ದಾರ ಹಿಡಿದ ಹಾಗೆ ನೆಟ್ಟಗಿರುತ್ತದೆ. ಆಮೇಲೆ ಹೋಗಿ ಟೀಚರಮ್ಮನ ಬಳಿ ತಪ್ಪಾಯಿತೆಂದರು. "ಓದಿದ್ದನ್ನೆಲ್ಲ ನಂಬು ಅಂತ ನಾನು ಯಾವತ್ತು ಹೇಳ್ಕೊಟ್ಟಿದ್ದೆ?" ಎಂದು ಅವರು ನಕ್ಕುಬಿಟ್ಟರಂತೆ. ಆದರೂ ಮನಸ್ಸಿಗೆ ಚೂರು ನೋವಾಗಿತ್ತು ಎಂದು ನನ್ನೊಡನೆ ಒಪ್ಪಿಕೊಂಡರು.

ಕಾದಂಬರಿಗೆ ಯಾವ ಸಾಲು? ಉಂಗುರ ಸಿಕ್ಕಿತು ಎಂದು ಬರೆಸಿಬಿಡಿ, ಹೆಂಗಸಿನ ಕಳಂಕ ಹೋಗುತ್ತದೆ ಎಂದು ನಾನು ಬಿಟ್ಟಿ ಸಲಹೆ ಕೊಟ್ಟೆ. ಗಂಟಕ್ಕ ಒಪ್ಪಲಿಲ್ಲ. "ಅವರ ಉಂಗುರ ಸಿಕ್ಕಿಲ್ವಲ್ಲ ಸಾರ್. ಸುಳ್ಳ್ಯಾಕೆ? ಯಾರೂ ದಿಂಬಿನ ಚೀಲ ತಿರುಗಿಸಿ ನೋಡಲಿಲ್ಲ ಅಂತ ಬರೀಲಿ. ಅಷ್ಟು ಸಾಕು." ಹಾಗೆಯೇ ಬರೆದು ಕಳಿಸಿದ್ದಾರೆ.

ಈಗ ಉಳಿದಿರುವುದು ಲಾಂಡ್ರಿ ಕಚೇರಿಯ ದಪ್ಪ ಪುಸ್ತಕ. ಅಂದಿನ ಗುಮಾಸ್ತರೇ ಇಂದಿನ ಸೂಪರ್‌ವೈಸರ್. ಹಳೆಯ ಪುಟಕ್ಕೆ ಕೈ ಹಚ್ಚುವ ಹಾಗಿಲ್ಲ ಎಂದು ಎರಡು ಸಲ ಗಂಟಕ್ಕನನ್ನು ವಾಪಸ್ ಕಳಿಸಿದ್ದಾರೆ. ಆ ಪುಟವನ್ನು ಹಾಗೆಯೇ ಬಿಟ್ಟು ನಿವೃತ್ತಿಯಾಗಬೇಕಲ್ಲ ಎಂಬುದೇ ಗಂಟಕ್ಕನ ಕೊರಗು. ಇವತ್ತು ಮೂರನೆಯ ಸಲ ಹೊರಟಿದ್ದಾರೆ, ಕೈಯಲ್ಲಿ ಲೇಖಕಿಯ ಕಾಗದ ಹಿಡಿದು. ಬೆನ್ನ ಹಿಂದೆ ನಾನು.

"ಅಚ್ಚಾಗಿರೋ ಪುಸ್ತಕಕ್ಕೇ ಒಂದು ಸಾಲು ಸೇರಿಸ್ತೀನಿ ಅಂತಿದಾರೆ ಸಾರ್, ನೋಡಿ. ನೀವು ಕೈಯಲ್ಲಿ ಬರೆದಿದ್ದಕ್ಕೆ ಸೇರಿಸೋಕಾಗಲ್ವಾ?"

ಸೂಪರ್‌ವೈಸರ್ ಕಾಗದ ಓದುತ್ತಾರೆ. ನನ್ನ ಕಡೆ ವಾರೆಗಣ್ಣು ಬಿಟ್ಟು, "ಇದೆಲ್ಲ ಪೇಪರಲ್ಲಿ ಬರುತ್ತಾ?" ಎಂದು ಕೇಳುತ್ತಾರೆ. ಯಾರ ಹೆಸರೂ ಹಾಕುವುದಿಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಮಹಡಿ ಹತ್ತಿ ಮೇಲಿನವರನ್ನು ಕೇಳಿ ಬರಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಬಂದವರೇ ಕಪಾಟಿನಿಂದ ಪುಸ್ತಕ ತೆಗೆದು, ಪುಟ ಹುಡುಕಿ, ಮೇಜಿನ ಮೇಲಿಟ್ಟರು.

"ಫೋನು ತಗೊಂಡಿದ್ದು ನಾನೇ," ಎಂದರು, ಪುಟವನ್ನೇ ನೋಡುತ್ತ. "ಮೇಲಿನವರು ಹೇಳಿದ್ದನ್ನ ಬರೆದೆ. ಆಗ ಹೊಸಬ. ಪೆನ್ನು ಕೊಡಿ, ಈಗ ಬರೀತೀನಿ."

"ಬೇಡ ಸಾರ್. ನಾನು ಬರೀತೀನಿ."

ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಬರೆಯಲು ಆರು ನಿಮಿಷ ಹಿಡಿಯುತ್ತದೆ. ಹೆಬ್ಬೆಟ್ಟಿನ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ದಪ್ಪ ಅಕ್ಷರದ ಎರಡು ಸಾಲು. ಬರೆದು, ಪುಸ್ತಕವನ್ನು ಸೂಪರ್‌ವೈಸರ್ ಕಡೆ ತಿರುಗಿಸಿ, "ಓದಿ ಸಾರ್, ಗಟ್ಟಿಯಾಗಿ," ಎನ್ನುತ್ತಾರೆ.

ಅವರು ಗಂಟಲು ಸರಿಮಾಡಿಕೊಂಡು ಓದುತ್ತಾರೆ. "ಉಂಗುರ ಅವರ ಕನ್ನಡಕದ ಡಬ್ಬಿಯಲ್ಲೇ ಸಿಕ್ಕಿತು ಎಂದು ಫೋನು ಬಂದಿತ್ತು. ಲಾಂಡ್ರಿಯವಳು ಕದ್ದಿಲ್ಲ." ಅವರು ಓದುವಷ್ಟು ಹೊತ್ತೂ ಗಂಟಕ್ಕನ ಬೆರಳು ಒಂದೊಂದೇ ಪದದ ಕೆಳಗೆ ಸರಿಯುತ್ತದೆ.

ನಿಮಗೇ ಓದಲು ಬರುತ್ತದಲ್ಲ, ಅವರ ಕೈಯಲ್ಲಿ ಯಾಕೆ ಓದಿಸಿದಿರಿ ಎಂದು ಹೊರಗೆ ಬಂದ ಮೇಲೆ ಕೇಳಿದೆ.

"ಅವತ್ತು ಪುಟದಲ್ಲಿ ಇದ್ದಿದ್ದೊಂದು, ಅವರು ಹೇಳಿದ್ದೊಂದು. ಇವತ್ತು ಏನು ಓದ್ತಾರೆ ಅಂತ ನೋಡ್ಬೇಕಿತ್ತು," ಎನ್ನುತ್ತ ಗಂಟಕ್ಕ ಕೈಗವಸು ಏರಿಸುತ್ತಾರೆ. "ಒಂದಕ್ಷರ ಬಿಡದೆ ಓದಿದ್ರು ಸಾರ್."